ಅತ್ತೆಯ ಮಂಡಿಗೊಂದು ವಿಡಿಯೊ

ಮಂಡಿನೋವಿಗೆ ವ್ಯಾಯಾಮ ಅಂತ ಯೂಟ್ಯೂಬಿನಲ್ಲಿ ಹುಡುಕಿದರೆ ನೋಡಿ ಮುಗಿಸಲಾರದಷ್ಟು ವಿಡಿಯೊಗಳು ಬರುತ್ತವೆ. ನಾನೂ ನನ್ನವರೂ ಸಾಗರದಲ್ಲಿರುವ ಅತ್ತೆಗೆ ಅಂಥವನ್ನು ಸಾಲಾಗಿ ಕಳಿಸುತ್ತಿದ್ದೆವು. ಅವರು ಸೋಫಾದ ಮೇಲೆ ಕೂತು ಶ್ರದ್ಧೆಯಿಂದ ನೋಡುತ್ತಿದ್ದರು. ನೋಡುತ್ತಿದ್ದರು, ಅಷ್ಟೆ. ‘ಆ ಹುಡುಗಿಗೆ ಇಪ್ಪತ್ತೈದೂ ಆಗಿಲ್ಲ ಕಣೇ, ಅವಳಿಗೇನು ಮಂಡಿನೋವಾ?’ ಅಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅತ್ತೆಗೆ 68 ವರ್ಷ. ಕಳೆದ ಮಳೆಗಾಲದಲ್ಲಿ ಹಿತ್ತಲಲ್ಲಿ ಜಾರಿ ಬಿದ್ದರು. ಮೂಳೆಗೇನೂ ಆಗಲಿಲ್ಲ, ಪುಣ್ಯ. ಆದರೆ ಆಮೇಲೆ ಹಿತ್ತಲ ಕಡೆ ಹೋಗುವುದನ್ನೇ ಬಿಟ್ಟರು. ಓಡಾಟವಿಲ್ಲದೆ ಕಾಲಿನ ಶಕ್ತಿ ಇಳಿಯಿತು, ಅದು ಇಳಿದಂತೆ ಹೆದರಿಕೆ ಹೆಚ್ಚಾಯಿತು. ‘ಹೀಗೇ ಬಿಟ್ರೆ ಮತ್ತೆ ಬೀಳ್ತಾರೆ’ ಎಂದು ಫಿಸಿಯೊಥೆರಪಿಸ್ಟ್ ನೇರವಾಗಿಯೇ ಹೇಳಿದರು. 65 ದಾಟಿದವರು ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯುವುದರ ಜೊತೆಗೆ, ಮೂರು ದಿನ ಸಮತೋಲನ ಮತ್ತು ಶಕ್ತಿಯ ವ್ಯಾಯಾಮವನ್ನೂ ಮಾಡಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಅವರು ಹೇಳಿಕೊಟ್ಟ ಮೂರು ವ್ಯಾಯಾಮಗಳನ್ನು ಊರಿಗೆ ಹೋದಾಗ ಅತ್ತೆಯ ಮನೆಯಲ್ಲೇ ಚಿತ್ರಿಸಿದೆವು. ಅವರದೇ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಅದನ್ನೇ ಹಿಡಿದು ಒಂದು ಕಾಲಲ್ಲಿ ನಿಲ್ಲುವುದು, ಗೋಡೆಗೆ ಒತ್ತಿಟ್ಟ ಮರದ ಕುರ್ಚಿಯಿಂದ ಎದ್ದು ಕೂರುವುದು. ಮಾಡುವವಳು ನಾನು, ಎಣಿಸುವವನು ಆರು ವರ್ಷದ ಮಗ. ‘ಅಜ್ಜಿ, ರೆಡೀನಾ?’ ಅಂತ ಶುರು ಮಾಡಿ, ಏಳಾದ ಮೇಲೆ ನೇರ ಒಂಬತ್ತಕ್ಕೆ ಹಾರುತ್ತಾನೆ. ‘ಎಂಟು ಎಲ್ಲೋಯ್ತೋ?’ ಎಂದು ಅತ್ತೆ ದಿನಾ ಫೋನಿಗೇ ಗದರುತ್ತಾರಂತೆ. ಗದರುತ್ತಾ ಎಂಟನೆಯದನ್ನೂ ಮಾಡಿ ಮುಗಿಸುತ್ತಾರೆ.

ನಡಿಗೆಗೆ ಬೇರೆಯದೇ ವಿಡಿಯೊ. ಅತ್ತೆ ಅಂಗಳದಲ್ಲಿ ದೇವರನಾಮ ಹಾಡುತ್ತಾ ನಿಧಾನಕ್ಕೆ ಸುತ್ತುವವರು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಆ ವೇಗ ಇದ್ದರೆ ಸರಿ ಎನ್ನುವ ಲೆಕ್ಕವೊಂದಿದೆ. ಅದನ್ನೇ ಹೇಳಿದೆ: ‘ಅತ್ತೆ, ಹಾಡು ನಿಲ್ಲೋ ಹಾಗೆ ನಡೀರಿ. ಬೇಕಾದ್ರೆ ಮಾವನ್ನ ಬೈತಾ ನಡೀರಿ.’ ಈಗ ಮಾವನೂ ಜೊತೆಗೆ ನಡೆಯುತ್ತಿದ್ದಾರೆ, ಪಾಪ.

ಮೂರು ವಾರಕ್ಕೆ ಹಳೆಯ ವಿಡಿಯೊ ಬೇಜಾರು ಬಂತು, ಹಾಗಾಗಿ ಪ್ರತಿ ಭಾನುವಾರ ಬೆಂಗಳೂರಿಂದ ಹೊಸದು ಹೋಗುತ್ತದೆ. ಆದರೆ ನಾವು ಕಳಿಸುವ ವಿಡಿಯೊಗೆ ಕಣ್ಣಿಲ್ಲವಲ್ಲ, ಅವರು ತಪ್ಪು ಮಾಡಿದರೆ ಯಾರು ನೋಡಬೇಕು? ಅದಕ್ಕೇ ಮಾವ ತಿಂಗಳಿಗೊಮ್ಮೆ ಅಲ್ಲಿಂದ ಒಂದು ತೆಗೆದು ಕಳಿಸುತ್ತಾರೆ. ಅದರಲ್ಲಿ ಅತ್ತೆಯ ತಲೆ ಇರುವುದಿಲ್ಲ, ಕಾಲು ಮಾತ್ರ. ಫಿಸಿಯೊಥೆರಪಿಸ್ಟ್‌ಗೆ ಅಷ್ಟು ಸಾಕು. ಏಳುವಾಗ ಮಂಡಿ ಒಳಕ್ಕೆ ಬಾಗುತ್ತಿದೆ ಎಂದು ಅವರು ಗುರುತಿಸಿದ್ದು ಹಾಗೆಯೇ. ಮುಂದಿನ ಭಾನುವಾರದ ವಿಡಿಯೊದಲ್ಲಿ ಅದನ್ನೇ ತಿದ್ದಿ ತೋರಿಸಿದೆವು.

ಮೊನ್ನೆ ಅತ್ತೆ ಹಿತ್ತಲಿಗೆ ಹೋಗಿ ಕರಿಬೇವು ಕಿತ್ತು ತಂದರಂತೆ. ಬೇಲಿಯಾಚೆಯಿಂದ ನೋಡಿದ ಪಕ್ಕದ ಮನೆಯವರು ‘ಆ ವಿಡಿಯೊ ನಂಗೂ ಕಳ್ಸಿ’ ಅಂದಿದ್ದಾರೆ. ಅತ್ತೆ ಸುತಾರಾಂ ಒಪ್ಪಿಲ್ಲ.

‘ಅದು ನನ್ನ ಮಂಡಿಗೆ ಅಂತ ಮಾಡಿದ್ದು ಕಣ್ರೀ. ನಿಮ್ಮದಕ್ಕೆ ನಿಮ್ಮ ಸೊಸೆ ಹತ್ರ ಹೇಳಿ ಮಾಡಿಸ್ಕೊಳ್ಳಿ.’