ಪಕ್ಷವಿಲ್ಲದ ಚುನಾವಣೆ

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಕಾನೂನಿನ ಪ್ರಕಾರ ಪಕ್ಷವೇ ಇಲ್ಲ. ಕಮಲ, ಕೈ, ತೆನೆ ಹೊತ್ತ ಮಹಿಳೆ ಯಾವುದೂ ಮತಪತ್ರದಲ್ಲಿ ಇರುವುದಿಲ್ಲ. ಆದರೆ ಯಾರು ಯಾರ ಕಡೆಯವರು ಅಂತ ಊರಿನ ಚಹಾದಂಗಡಿಗೆಲ್ಲ ಗೊತ್ತು. 2020ರ ಡಿಸೆಂಬರ್‌ನಲ್ಲಿ ಎಣಿಕೆ ಮುಗಿದದ್ದೇ ತಡ, 'ನಮ್ಮ ಬೆಂಬಲಿತರೇ ಹೆಚ್ಚು' ಅಂತ ಪಕ್ಷಗಳು ಲೆಕ್ಕ ಕೊಟ್ಟವು. ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆಯಾಗಲಿಲ್ಲ, ಅದು ಬೇರೆ ಮಾತು.

ನನ್ನನ್ನು ಕಾಡುವುದು ದುಡ್ಡಿನ ನಂಟು. ಆ ಸಲ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂತು. ಹಣ ದೇವಸ್ಥಾನಕ್ಕೆ, ಆಯ್ಕೆ ಅವಿರೋಧ! ಅಕ್ರಮವೇ, ಆದರೂ ಎಷ್ಟಕ್ಕೆ ಕೂಗಿದರು ಅಂತ ಊರಿಗೆ ಗೊತ್ತಿರುತ್ತಿತ್ತು. ಗುತ್ತಿಗೆದಾರರ ಕಡೆಯಿಂದ ಅಭ್ಯರ್ಥಿಗೆ ಸದ್ದಿಲ್ಲದೆ ಬರುವ ದುಡ್ಡಿಗೆ ಅಷ್ಟೂ ಸಾಕ್ಷಿಯಿಲ್ಲ.

2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಪಕ್ಷಗಳಿಗೆ ಗುಟ್ಟಾಗಿ ದೇಣಿಗೆ ಕೊಡುವ ಚುನಾವಣಾ ಬಾಂಡ್ ರದ್ದು ಮಾಡಿದ್ದು, ದುಡ್ಡು ಯಾರದು ಅಂತ ಮತದಾರರಿಗೆ ತಿಳಿಯುವ ಹಕ್ಕಿದೆ ಅಂತ. ದುಡ್ಡು ಕೊಟ್ಟ ದೊಡ್ಡ ದೊಡ್ಡ ಕಂಪನಿಗಳ ಹೆಸರು ಹೊರಬಿತ್ತು. ಆದರೆ ಪಂಚಾಯಿತಿ ವಾರ್ಡಿನ ಅಭ್ಯರ್ಥಿಯನ್ನು 'ಈ ಕರಪತ್ರ, ಈ ಬಾಡೂಟ ಯಾರ ಖರ್ಚಪ್ಪಾ?' ಅಂತ ಕೇಳಿ ನೋಡಿ. 'ಹಿತೈಷಿಗಳದು ಅಣ್ಣಾ' ಅಂತಾನೆ. ಗೆದ್ದ ಮೇಲೆ ಚರಂಡಿ ಕಾಮಗಾರಿ ಯಾರಿಗೆ ಹೋಯ್ತು ಅಂತ ಗ್ರಾಮಸಭೆಯಲ್ಲಿ ಕೇಳಿದರೆ, ಆ ಹಿತೈಷಿಗಳ ಹೆಸರೂ ಸಿಕ್ಕೀತು.