ಒಂದೂವರೆ ಗಂಟೆ

ಅಮ್ಮನ ಚಿತೆಗೆ ನಾನು ಬೆಂಕಿ ಕೊಡುವಾಗ ತಮ್ಮ ಕೆಂಜಾರಿನ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್ ಸಾಲಿನಲ್ಲಿ ನಿಂತಿದ್ದ. ಅವನ ವಿಮಾನ ತಡವಾಗಿರಲಿಲ್ಲ. ಹೇಳಿದ ಹೊತ್ತಿಗೇ ಇಳಿದಿತ್ತು. ಲೆಕ್ಕ ತಪ್ಪಿದ್ದು ನಾನು.

ಬಿಕರ್ನಕಟ್ಟೆಯ ನಮ್ಮ ಮನೆಯಲ್ಲಿ ಅಮ್ಮ ತೀರಿಕೊಂಡದ್ದು ರಾತ್ರಿ. ದುಬೈಯಲ್ಲಿದ್ದ ತಮ್ಮ ಬೆಳಗಿನ ಜಾವ ಫೋನ್ ಮಾಡಿದ. ‘ಟಿಕೆಟ್ ಸಿಕ್ಕಿತು ಅಣ್ಣ, ಒಂಬತ್ತೂವರೆಗೆ ಫ್ಲೈಟು. ನಾನು ಬರುವವರೆಗೆ ಅಮ್ಮನನ್ನು ತೆಗೀಬೇಡಿ.’ ದುಬೈಯಿಂದ ಮಂಗಳೂರಿಗೆ ಮೂರೂವರೆ ಗಂಟೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಒಂಬತ್ತೂವರೆಗೆ ಮೂರೂವರೆ ಸೇರಿಸಿದೆ, ಮಧ್ಯಾಹ್ನ ಒಂದಾಯಿತು. ಎರಡರೊಳಗೆ ಮನೆಯಲ್ಲಿರುತ್ತಾನೆ ಎಂದು ಬಂದವರಿಗೆಲ್ಲ ಹೇಳಿದೆ.

ಎರಡೂ ಆಯಿತು. ಅವನ ಫೋನ್ ಸ್ವಿಚ್ ಆಫ್. ಆಟಿಯ ಮಳೆ ಬೇರೆ ಬಿಡದೆ ಹೊಯ್ಯುತ್ತಿತ್ತು. ಇಂಥ ಮಳೆಯಲ್ಲಿ ಗುಡ್ಡದ ಮೇಲಿನ ರನ್‌ವೇ ಸರಿಯಾಗಿ ಕಾಣದೆ ವಿಮಾನಗಳು ಬೆಂಗಳೂರಿಗೋ ಕೊಚ್ಚಿಗೋ ಹೋಗುವುದುಂಟು. ಹಾಗೇ ಆಗಿರಬೇಕು ಎಂದರು ಯಾರೋ. ನಾನೂ ನಂಬಿದೆ. ರಾತ್ರಿಯಿಂದ ಇಟ್ಟ ದೇಹ, ಇನ್ನು ಕಾಯುವುದು ಸರಿಯಲ್ಲ ಎಂದರು ಹಿರಿಯರು. ಹೂಂ ಅನ್ನಬೇಕಾದವನು ದೊಡ್ಡ ಮಗನಾದ ನಾನು. ಹೂಂ ಅಂದೆ.

ತಮ್ಮ ಮನೆಗೆ ಬಂದದ್ದು ನಾಲ್ಕಕ್ಕೆ. ಅಮ್ಮನನ್ನು ಮಲಗಿಸಿದ್ದ ಚಾವಡಿಯನ್ನು ಅಷ್ಟರಲ್ಲಿ ತೊಳೆದಾಗಿತ್ತು. ಹೆಗಲ ಬ್ಯಾಗು ಇಳಿಸದೆ ಒದ್ದೆ ನೆಲದಲ್ಲೇ ಕುಳಿತ. ‘ಇಳಿದ ಕೂಡಲೇ ನಿನಗೇ ಫೋನ್ ಮಾಡಿದ್ದೆ’ ಎಂದಷ್ಟೇ ಹೇಳಿದ. ನನ್ನ ಫೋನ್ ಒಳಕೋಣೆಯ ಮೇಜಿನ ಮೇಲಿತ್ತು.

ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಒಂಬತ್ತೂವರೆಯೆಂದರೆ ಇಲ್ಲಿ ಹನ್ನೊಂದು. ಮೂರೂವರೆ ಗಂಟೆ ಹಾರಿ ಇಳಿಯುವಾಗ ಎರಡೂವರೆ. ನಾವು ಫೋನ್ ಆಫ್ ಎಂದು ಗಾಬರಿಯಾದ ಹೊತ್ತಿನಲ್ಲಿ ಅವನು ಇನ್ನೂ ಸಮುದ್ರದ ಮೇಲಿದ್ದ. ಇಳಿದ ಮೇಲೆ ಇಮಿಗ್ರೇಷನ್, ಲಗೇಜು. ಆಮೇಲೆ ಬೊಂದೇಲ್, ಯೆಯ್ಯಾಡಿ ದಾಟಿ ನಂತೂರಿನ ಟ್ರಾಫಿಕ್ಕು. ಇದ್ಯಾವುದನ್ನೂ ನಾನು ಸರಿಯಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಟಿಕೆಟ್ಟಿನಲ್ಲಿ ಮುದ್ರಿಸುವುದು ಆಯಾ ಊರಿನ ಸಮಯ. ಹಾಗಾಗಿ ಇಲ್ಲಿಂದ ಹೋಗುವಾಗ ಎರಡೇ ಗಂಟೆಯ ಚಿಲ್ಲರೆ ದಾರಿಯಂತೆಯೂ ಬರುವಾಗ ಐದು ಗಂಟೆಯ ದಾರಿಯಂತೆಯೂ ಕಾಣುತ್ತದೆ. ಸೌದಿ, ಕುವೈತ್, ಕತಾರ್, ಬಹರೈನ್ ಆದರೆ ವ್ಯತ್ಯಾಸ ಎರಡೂವರೆ ಗಂಟೆ. ನಡುರಾತ್ರಿ ಕಳೆದು ಹೊರಡುವ ವಿಮಾನವಾದರೆ ತಾರೀಕೂ ಬದಲಾಗಿರುತ್ತದೆ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅದಕ್ಕೂ ಮುಂಚೆ ಮುಂಬಯಿ ಸುತ್ತಿ ಬರಬೇಕಿದ್ದಾಗ, ಇಷ್ಟು ಹೊತ್ತಿಗೆ ಮುಟ್ಟುತ್ತಾನೆ ಎಂದು ಯಾರೂ ಧೈರ್ಯವಾಗಿ ಹೇಳುತ್ತಿರಲಿಲ್ಲ. ದಾರಿ ಹತ್ತಿರವಾದದ್ದೇ ನನಗೆ ಆ ಧೈರ್ಯ ಕೊಟ್ಟಿತು.

ಕರಾವಳಿಯಲ್ಲಿ ಗಲ್ಫಿಗೆ ಹೋದವರಿಲ್ಲದ ಕೇರಿ ಕಡಿಮೆ. ನಿಮ್ಮ ಮನೆಗೂ ಇಂಥ ದಿನ ಬಂದರೆ, ಎಷ್ಟು ಗಂಟೆಗೆ ಹೊರಡುತ್ತೀ ಎಂದು ಕೇಳಿ ಸುಮ್ಮನಾಗಬೇಡಿ. ಮಂಗಳೂರಿನಲ್ಲಿ ನಮ್ಮ ಎಷ್ಟು ಗಂಟೆಗೆ ಇಳಿಯುತ್ತೀ ಎಂದು ಕೇಳಿ. ಟಿಕೆಟ್ಟಿನ ಫೋಟೋ ತರಿಸಿ ಇನ್ನೊಬ್ಬರಿಗೂ ತೋರಿಸಿ. ಒಬ್ಬರನ್ನು ವಿಮಾನ ನಿಲ್ದಾಣಕ್ಕೆ ಕಳಿಸಿ, ಅವರಿಂದ ಫೋನ್ ಬರುವ ತನಕ ದಯವಿಟ್ಟು ಕಾಯಿರಿ.