ವಿಳಾಸದ ಕಾಲಂ

ನಮ್ಮ ಅಬ್ಬಾ ಅವರದು ಗಾದಿ ಅಂಗಡಿ. ಹತ್ತಿಯ ಗಾದಿ, ದಿಂಬು, ಈಗೀಗ ಫೋಮ್ ಹಾಸಿಗೆ. ಬೆಳಿಗ್ಗೆ ಆರೂವರೆಗೆ ಶಟರ್ ಎತ್ತಿ, ಕಸ ಗುಡಿಸಿ, ನಾಲ್ಕು ಗಾದಿ ಹೊರಗೆ ಜೋಡಿಸಿಟ್ಟು ಆಮೇಲೆ ಕಾಲೇಜಿಗೆ ಬರುವುದು ನನ್ನ ಕೆಲಸ. ಹೋದ ಜೂನ್‌ನಿಂದ ಈ ಕೆಲಸ ಶುರುವಾಗುವ ಮೊದಲು ಇನ್ನೊಂದು ಕೆಲಸ ಇರುತ್ತಿತ್ತು. ಅಂಗಡಿಯ ಕಟ್ಟೆಯ ಮೇಲೆ ಮಲಗಿದವರು ಏಳುವವರೆಗೆ ಕಾಯುವುದು.

ಅವರು ನಾಲ್ಕು ಜನ. ಗಂಡ, ಹೆಂಡತಿ, ಒಂಬತ್ತು ವರ್ಷದ ಹುಡುಗಿ, ನಾಲ್ಕು ವರ್ಷದ ಹುಡುಗ. ಊರು ರಾಯಚೂರಿನ ಕಡೆ. ಹೆಸರು ಬರೆಯಬೇಡ ಎಂದು ಅವರೇ ಹೇಳಿದ್ದಾರೆ, ಅದಕ್ಕೆ ಬರೆಯುವುದಿಲ್ಲ. ನಾನು ಅವರನ್ನು ಅಣ್ಣ, ಅಕ್ಕ ಎಂದೇ ಕರೆಯುತ್ತಿದ್ದೆ. ನಾನು ಹೋಗುವಷ್ಟರಲ್ಲಿ ಅಕ್ಕ ಗೋಣಿಚೀಲ ಸುತ್ತಿ, ಕಟ್ಟೆ ಗುಡಿಸಿ, ನೀರು ಚಿಮುಕಿಸಿರುತ್ತಿದ್ದರು. ಶಟರಿನ ಒಳಗೆ ನಲವತ್ತು ಗಾದಿ, ಹೊರಗೆ ಗೋಣಿಚೀಲ. ಮೊದಮೊದಲು ನನಗೆ ಇದು ಅಷ್ಟಾಗಿ ಕಾಣಲೇ ಇಲ್ಲ. ದಿನಾ ನೋಡುವುದು ಹಾಗೆಯೇ, ಕಣ್ಣಿಗೆ ರೂಢಿಯಾಗಿಬಿಡುತ್ತದೆ.

ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಮಳೆ ಬರುತ್ತಿತ್ತು. ನಾನು ಕಟ್ಟೆಯ ಮೇಲೆ ಕುಳಿತು ಮೊಬೈಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದೆ. ಆ ಹುಡುಗಿ ಪಕ್ಕಕ್ಕೆ ಬಂದು ಇಣುಕಿದಳು.

"ಅಣ್ಣಾ, ಇದೇನ್ ಬರಿಯಾಕತ್ತೀ?"

"ವಿಳಾಸ. ನಮ್ಮ ಮನೆ ಎಲ್ಲಿದೆ ಅಂತ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ನಮ್ದು ಏನ್ ಬರೀಬೇಕು?" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಅವತ್ತು ಕಾಲೇಜಿನಲ್ಲಿ ಪಾಠದ ಮೇಲೆ ಗಮನವೂ ಇರಲಿಲ್ಲ.

ಸಂಜೆ ಅಣ್ಣನ ಹತ್ತಿರ ಕೇಳಿದೆ. ಅವರು ಕಟ್ಟಡದ ಕೆಲಸಕ್ಕೆ ಬಂದವರು. ಕಟ್ಟಡ ಕಟ್ಟುವಷ್ಟು ದಿನ ಅಲ್ಲೇ ತಗಡಿನ ಶೆಡ್‌ನಲ್ಲಿ ಇದ್ದರು. ಕಟ್ಟಡ ಮುಗಿಯಿತು, ಶೆಡ್ ಬಿಚ್ಚಿದರು. ಊರಿಗೆ ಹೋದರೆ ಕೆಲಸವಿಲ್ಲ, ಕೈಯಲ್ಲಿ ಸಾಲವಿದೆ. ಅಣ್ಣ ಮಾರ್ಕೆಟ್‌ನಲ್ಲಿ ಹಮಾಲಿಗೆ ಸೇರಿದರು. ಬಾಡಿಗೆ ರೂಮು ನೋಡಿದ್ದೀರಾ ಎಂದೆ. ನೋಡಿದ್ದರು. ತಿಂಗಳಿಗೆ 2,500 ರೂಪಾಯಿ. ಅದನ್ನು ಕೊಡಬಲ್ಲರು. ಆದರೆ ಅಡ್ವಾನ್ಸ್ 25,000.

ನಾನು ಕಾಮರ್ಸ್ ವಿದ್ಯಾರ್ಥಿ, ಅದಕ್ಕೆ ಲೆಕ್ಕ ಹಾಕಿದೆ. ಸುಲಭ ಶೌಚಾಲಯಕ್ಕೆ ಒಬ್ಬರಿಗೆ ಒಂದು ಸಲ 5 ರೂಪಾಯಿ. ದೊಡ್ಡವರಿಬ್ಬರು, ದಿನಕ್ಕೆ ಎರಡು ಸಲ, ಒಟ್ಟು 20. ಇಬ್ಬರ ಸ್ನಾನಕ್ಕೆ 20. ಫೋನ್ ಚಾರ್ಜ್‌ಗೆ 10. ದಿನಕ್ಕೆ 50, ತಿಂಗಳಿಗೆ 1,500 ರೂಪಾಯಿ. ಮಳೆ ಬಂದ ದಿನ ಒಲೆ ಹೊತ್ತುವುದಿಲ್ಲ, ಊಟಕ್ಕೆ ಹೋಟೆಲ್ಲೇ ಗತಿ, ಆ ಖರ್ಚು ಬೇರೆ. ಮನೆ ಇಲ್ಲದಿರುವುದಕ್ಕೇ ಅರ್ಧ ಬಾಡಿಗೆಗಿಂತ ಹೆಚ್ಚು ಹೋಗುತ್ತಿತ್ತು. ಅವರ ಕಷ್ಟ ಆದಾಯವಿಲ್ಲ ಎನ್ನುವುದಲ್ಲ, ಬಂಡವಾಳವಿಲ್ಲ ಎನ್ನುವುದು. ಪುಸ್ತಕದಲ್ಲಿ ಇವೆರಡರ ವ್ಯತ್ಯಾಸಕ್ಕೆ ನಾನು ನಾಲ್ಕು ಅಂಕದ ಉತ್ತರ ಬರೆದಿದ್ದೆ. ಅರ್ಥವಾದದ್ದು ಮಾತ್ರ ಅವತ್ತು ಕಟ್ಟೆಯ ಮೇಲೆ.

ನಮ್ಮ ಎನ್‌ಎಸ್‌ಎಸ್ ಸರ್ ಹತ್ತಿರ ವಿಷಯ ಹೇಳಿದಾಗ ಅವರು ಒಂದಿಷ್ಟು ಓದಲು ಕೊಟ್ಟರು. 2011ರ ಜನಗಣತಿಯಲ್ಲಿ ಫೆಬ್ರವರಿ 28ರ ರಾತ್ರಿ ರಸ್ತೆ ಬದಿ, ಸೇತುವೆ ಕೆಳಗೆ, ರೈಲ್ವೆ ಪ್ಲಾಟ್‌ಫಾರಂ ಮೇಲೆ ಮಲಗಿದವರನ್ನೆಲ್ಲ ಎಣಿಸಿದ್ದರಂತೆ. ದೇಶದಲ್ಲಿ ಸುಮಾರು 17.7 ಲಕ್ಷ ಜನ. ದೆಹಲಿಯ ಚಳಿಯಲ್ಲಿ ಬೀದಿಯ ಜನ ಸಾಯುತ್ತಿದ್ದುದು ಸುಪ್ರೀಂ ಕೋರ್ಟಿನ ಗಮನಕ್ಕೆ ಬಂದು, 2001ರಿಂದ ನಡೆಯುತ್ತಿದ್ದ ಆಹಾರದ ಹಕ್ಕಿನ ಮೊಕದ್ದಮೆಯಲ್ಲೇ 2010ರಲ್ಲಿ ಆದೇಶಗಳು ಬಂದವು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಆಶ್ರಯ ಕೇಂದ್ರ ಇರಬೇಕು, ಅದು ಹಗಲು ರಾತ್ರಿ ತೆರೆದಿರಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಇದಕ್ಕೆಂದೇ ಒಂದು ಭಾಗವಿತ್ತು. ಒಬ್ಬೊಬ್ಬರಿಗೆ 50 ಚದರ ಅಡಿ ಜಾಗ, ನೀರು, ಶೌಚಾಲಯ, ಅಡುಗೆಗೆ ಅನುಕೂಲ. ಅಷ್ಟೇ ಅಲ್ಲ, ಅಲ್ಲಿದ್ದವರಿಗೆ ಆಧಾರ್, ಪಡಿತರ ಚೀಟಿ, ಶಾಲೆ, ಆಸ್ಪತ್ರೆ ಎಲ್ಲದಕ್ಕೂ ದಾರಿ ಮಾಡಿಕೊಡಬೇಕು ಎಂದು ಮಾರ್ಗಸೂಚಿಯಲ್ಲಿತ್ತು.

ಓದಿ ನನಗೆ ಬಹಳ ಖುಷಿಯಾಯಿತು. ಮರುದಿನವೇ ಅವರನ್ನು ಕರೆದುಕೊಂಡು ನಮ್ಮೂರಿನ ಆಶ್ರಯ ಕೇಂದ್ರಕ್ಕೆ ಹೋದೆ. ಅಣ್ಣ ಅವತ್ತಿನ ಹಮಾಲಿ ಬಿಟ್ಟು ಬಂದಿದ್ದರು.

ಅಲ್ಲಿಯವರು ಒಳ್ಳೆಯ ಮಾತಿನಲ್ಲೇ ಹೇಳಿದರು: "ಇದು ಗಂಡಸರಿಗೆ ಮಾತ್ರ. ಹೆಂಗಸರು, ಮಕ್ಕಳಿಗೆ ಊರಿನ ಆ ಕಡೆ ಬೇರೆ ಜಾಗ ಇದೆ. ಇವರು ಇಲ್ಲಿರಲಿ, ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ."

ಅಕ್ಕ ತಲೆ ಅಲ್ಲಾಡಿಸಿದರು. "ಅವ್ರು ಅಲ್ಲಿ, ನಾ ಇಲ್ಲಿ. ನಡುರಾತ್ರಿ ಹುಡುಗಗ ಜ್ವರ ಬಂದ್ರ ಯಾರ್ನ ಕೇಳ್ಲಿ? ಇದ್ದುದೊಂದು ಅಂದ್ರ ನಾಲ್ಕು ಮಂದಿ ಒಂದ್ ಕಡೆ ಅದೀವಿ ಅನ್ನೂದು. ಕಟ್ಟೀನ ಚಲೋ ಐತಿ ತಮ್ಮಾ."

ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ. ಅಣ್ಣನ ಅವತ್ತಿನ ಆರುನೂರು ರೂಪಾಯಿ ಹೋಯಿತು, ನನ್ನಿಂದ. ರಾತ್ರಿ ಅಬ್ಬಾಗೆ ಹೇಳಿದಾಗ ಅವರು ಬೈಯಲಿಲ್ಲ. "ಬೇಟಾ, ಮೊದಲು ಒಂದು ಫೋನ್ ಮಾಡಿ ಕೇಳಬೇಕಿತ್ತು" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ನಾನು ಒಂದು ನೋಟ್‌ಬುಕ್ ತೆಗೆದುಕೊಂಡೆ. ನಮ್ಮ ತರಗತಿಯ ಇನ್ನು ಮೂರು ಜನ ಸೇರಿಕೊಂಡರು. ಲೆಡ್ಜರ್ ಹಾಗೆ ಗೆರೆ ಹಾಕಿದೆವು. ಯಾವ ಜಾಗ, ಯಾರನ್ನು ಸೇರಿಸಿಕೊಳ್ಳುತ್ತಾರೆ, ಎಷ್ಟು ಗಂಟೆಗೆ ತೆರೆದಿರುತ್ತದೆ, ಯಾವ ಕಾಗದ ಬೇಕು, ಯಾರ ಹತ್ತಿರ ಮಾತಾಡಬೇಕು. ಎರಡು ವಾರದಲ್ಲಿ ಹನ್ನೊಂದು ಜಾಗ ಬರೆದೆವು. ಆಶ್ರಯ ಕೇಂದ್ರ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಸರಕಾರಿ ಶಾಲೆ, ಕಾರ್ಮಿಕ ಇಲಾಖೆ, ಆರೋಗ್ಯ ಕೇಂದ್ರ, ಇಂದಿರಾ ಕ್ಯಾಂಟೀನ್, ಹೀಗೆ.

ಬರೆಯುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ಎಲ್ಲವೂ ಇದೆ. ಆದರೆ ಒಬ್ಬರ ಪುಸ್ತಕ ಇನ್ನೊಬ್ಬರ ಪುಸ್ತಕಕ್ಕೆ ತಾಳೆಯಾಗುವುದಿಲ್ಲ. ಪ್ರಥಮ ಪಿಯುಸಿಯಲ್ಲಿ ನಾವು ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟ್ ಮಾಡುತ್ತೇವಲ್ಲ, ನಮ್ಮ ಕ್ಯಾಶ್‌ಬುಕ್ಕೂ ಸರಿ, ಬ್ಯಾಂಕಿನ ಪಾಸ್‌ಬುಕ್ಕೂ ಸರಿ, ಆದರೂ ಬಾಕಿ ಬೇರೆ ಬೇರೆ. ಏಕೆಂದರೆ ಇಲ್ಲಿಯ ಎಂಟ್ರಿ ಅಲ್ಲಿಗೆ ಇನ್ನೂ ಮುಟ್ಟಿಲ್ಲ. ಯಾರಾದರೂ ಕುಳಿತು ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಮನೆಯಿಲ್ಲದವರ ವಿಷಯದಲ್ಲಿ ಆ ಕುಳಿತುಕೊಳ್ಳುವ ಮನುಷ್ಯನೇ ಕಾಣಲಿಲ್ಲ.

ಉದಾಹರಣೆಗೆ ಪಡಿತರ. ಅವರಿಗೆ ಬಿಪಿಎಲ್ ಚೀಟಿ ಇತ್ತು, ಆದರೆ ಊರಿನ ಟ್ರಂಕಿನಲ್ಲಿ. ಇಲ್ಲಿ ಅಕ್ಕಿ ಸಿಗುವುದಿಲ್ಲ ಎಂದೇ ಅವರು ತಿಳಿದಿದ್ದರು. ಆದರೆ ಈಗ ಒಂದು ಊರಿನ ಚೀಟಿಗೆ ಇನ್ನೊಂದು ಊರಿನಲ್ಲೂ ಹೆಬ್ಬೆಟ್ಟು ಒತ್ತಿ ಪಡಿತರ ತೆಗೆದುಕೊಳ್ಳಬಹುದು. ಊರಿಗೆ ಫೋನ್ ಮಾಡಿ ಚೀಟಿಯ ನಂಬರ್ ತರಿಸಿದೆವು. ಮೊದಲನೆಯ ಅಂಗಡಿಯವರು ಆಗುವುದಿಲ್ಲ ಅಂದರು. ಎರಡನೆಯ ಅಂಗಡಿಯವರು ಕೊಟ್ಟರು. ಅಕ್ಕಿ ಬಂತು, ಆದರೆ ಇಡಲು ಜಾಗವಿಲ್ಲ. ಮೊದಲ ರಾತ್ರಿಯ ಮಳೆಗೇ ಅರ್ಧ ಚೀಲ ನೆನೆಯಿತು. ಉಳಿದದ್ದನ್ನು ಅಬ್ಬಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡರು.

ಶಾಲೆಯ ವಿಷಯ ಬೇಗ ಆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲ, ಟಿಸಿ ತಡ ಎಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಮುಖ್ಯೋಪಾಧ್ಯಾಯಿನಿಯವರಿಗೆ ಇದನ್ನು ನಾವು ಹೇಳಬೇಕಾಗಿಯೇ ಬರಲಿಲ್ಲ. ಹುಡುಗಿಯನ್ನು ನಾಲ್ಕನೇ ತರಗತಿಗೆ ಸೇರಿಸಿಕೊಂಡು, ಮಧ್ಯಾಹ್ನದ ಊಟಕ್ಕೆ ಅವತ್ತೇ ಕೂರಿಸಿದರು. ವಿಳಾಸದ ಕಾಲಂನಲ್ಲಿ ಸದ್ಯಕ್ಕೆ ನಮ್ಮ ಅಂಗಡಿಯ ವಿಳಾಸ ಬರೆಸಿದೆವು.

ಅಷ್ಟರಲ್ಲಿ ಇನ್ನೊಂದು ತೊಂದರೆ ಬಂತು. ಅಕ್ಕಪಕ್ಕದ ಅಂಗಡಿಯವರು ಅಬ್ಬಾ ಹತ್ತಿರ ಬಂದು, "ಸಾಬ್ರೇ, ದೀಪಾವಳಿ ವ್ಯಾಪಾರ ಶುರುವಾಗುತ್ತೆ. ಅಷ್ಟರೊಳಗೆ ಇವರನ್ನು ಕಳಿಸಿಬಿಡಿ" ಅಂದರು. ಅವರ ಮಾತೂ ತಪ್ಪೆನ್ನುವಂತಿರಲಿಲ್ಲ, ಗಿರಾಕಿಗಳು ಬರಬೇಕಲ್ಲ. ಅಬ್ಬಾ ಹತ್ತು ದಿನ ಟೈಮ್ ಕೇಳಿದರು.

ಅವತ್ತು ರಾತ್ರಿ ನಾನು ದಾದಿಯನ್ನು ಕೇಳಿದೆ, ಅಬ್ಬಾ ಯಾಕೆ ಇಷ್ಟು ಮಾಡುತ್ತಿದ್ದಾರೆ ಎಂದು. ದಾದಿ ನಕ್ಕರು. "ನೀನು ಚಿಕ್ಕವನು, ಮರೆತಿದ್ದೀಯ. ನಾವೂ ಅದೇ ಅಂಗಡಿಯಲ್ಲಿ ಇಪ್ಪತ್ತು ದಿನ ಇದ್ದೆವಲ್ಲ?"

ನನಗೆ ಮಸುಕಾಗಿ ನೆನಪಾಯಿತು. ನನಗೆ ಆಗ ಐದು ವರ್ಷ ಇರಬಹುದು. ಮಾಲೀಕರು ಮನೆ ಮಾರಿದ್ದರು, ನಾವು ಬೇರೆ ಮನೆ ಹುಡುಕಬೇಕಿತ್ತು. 'ಮನೆ ಬಾಡಿಗೆಗಿದೆ' ಎಂದು ಬೋರ್ಡ್ ಇರುತ್ತಿತ್ತು. ಅಬ್ಬಾ ಹೋಗಿ ಕೇಳಿದರೆ ಹೆಸರು ಕೇಳುತ್ತಿದ್ದರು. ಹೆಸರು ಹೇಳಿದ ಮೇಲೆ ಮನೆ ಆಗಲೇ ಹೋಯಿತು ಅನ್ನುತ್ತಿದ್ದರು. ಮಾರನೇ ದಿನವೂ ಬೋರ್ಡ್ ಅಲ್ಲೇ ಇರುತ್ತಿತ್ತು. ಆ ಇಪ್ಪತ್ತು ದಿನ ಗಾದಿಗಳ ಮೇಲೆ ಕುಣಿದದ್ದಷ್ಟೇ ನನಗೆ ನೆನಪು, ನನಗದು ಹಬ್ಬದ ಹಾಗಿತ್ತು. ಅಮ್ಮಿ ರಾತ್ರಿ ಅಳುತ್ತಿದ್ದರು ಎಂದು ದಾದಿ ಈಗ ಹೇಳಿದರು.

ಶುಕ್ರವಾರ ನಮಾಜಿನ ನಂತರ ಅಬ್ಬಾ ಮೊಹಲ್ಲಾ ಕಮಿಟಿಯವರ ಹತ್ತಿರ ನನ್ನನ್ನೂ ಕರೆದುಕೊಂಡು ಹೋದರು. ನಾನು ನೋಟ್‌ಬುಕ್ ತೋರಿಸಿ ಹೇಳಿದೆ: ಇವರಿಗೆ ದಾನ ಬೇಡ, ಅಡ್ವಾನ್ಸ್‌ಗೆ ಕರ್ಜೆ ಹಸನಾ ಬೇಕು, ಅಂದರೆ ಬಡ್ಡಿಯಿಲ್ಲದ ಸಾಲ. ಅಡ್ವಾನ್ಸ್ ಖರ್ಚಾಗುವ ಹಣವಲ್ಲ, ಮಾಲೀಕರ ಹತ್ತಿರ ಇರುವ ಹಣ. ಇವರು ಮನೆ ಬಿಟ್ಟರೆ ಅದು ವಾಪಸ್ ಬರುತ್ತದೆ, ಇನ್ನೊಂದು ಕುಟುಂಬಕ್ಕೆ ಕೊಡಬಹುದು.

ಒಬ್ಬರು, "ಅವರು ನಮ್ಮ ಜಮಾತಿನವರಲ್ಲವಲ್ಲ?" ಎಂದು ಕೇಳಿದರು. ಹಿರಿಯರೊಬ್ಬರು, "ಜಕಾತಿನ ಲೆಕ್ಕ ಬೇರೆ, ಅದನ್ನು ಮುಟ್ಟುವುದು ಬೇಡ. ಸದಕಾ ಹಣ ಇದೆ. ಅದನ್ನು ಯಾವ ಬಡವರಿಗಾದರೂ ಕೊಡಬಹುದು. ಸಾಲವಾಗಿ ಕೊಡೋಣ, ಹುಡುಗ ಲೆಕ್ಕ ಬರೆಯಲಿ" ಅಂದರು. ಅಬ್ಬಾ ಜಾಮೀನು ನಿಂತರು.

ನಮ್ಮ ಹಿಂದಿನ ಗಲ್ಲಿಯಲ್ಲಿ ಒಬ್ಬ ಖಾಲಾ ಒಂಟಿಯಾಗಿದ್ದಾರೆ. ಅವರ ಮನೆ ಪಕ್ಕದ ಶೀಟಿನ ಕೋಣೆ ಖಾಲಿ ಇತ್ತು. ಬಾಡಿಗೆ 2,200, ಅಡ್ವಾನ್ಸ್ 15,000 ಎಂದು ಒಪ್ಪಂದವಾಯಿತು. ಅಣ್ಣ ತಿಂಗಳಿಗೆ 500 ರಂತೆ ಕಮಿಟಿಗೆ ಕಟ್ಟಬೇಕು. ಮೂವತ್ತು ತಿಂಗಳಾದ ಮೇಲೆ ಅಡ್ವಾನ್ಸ್ ಅವರದೇ. ದೀಪಾವಳಿಗೆ ನಾಲ್ಕು ದಿನ ಮುಂಚೆ ಅವರು ಆ ಕೋಣೆಗೆ ಹೋದರು. ಅಬ್ಬಾ ಒಂದು ಹಳೆಯ ಗಾದಿಯ ಹತ್ತಿಯನ್ನು ಹೊಸದಾಗಿ ಹೊಡೆಸಿ ಕೊಟ್ಟರು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಣ್ಣನಿಗೆ ಬೆನ್ನು ನೋವು ಬಂದು ಹತ್ತು ದಿನ ಕೆಲಸ ತಪ್ಪಿತು, ಒಂದು ತಿಂಗಳ ಕಂತು ಬಾಕಿ ಇದೆ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಊರಿನಲ್ಲಿರುವ ಅತ್ತೆಯ ಹೆಸರಿದೆ, ಹಾಗಾಗಿ ಗೃಹಲಕ್ಷ್ಮಿಯ 2,000 ರೂಪಾಯಿ ಅಕ್ಕನಿಗೆ ಬರುವುದಿಲ್ಲ. ಬೇರೆ ಚೀಟಿಗೆ ಅರ್ಜಿ ಹಾಕಲು ಈಗ ಬಾಡಿಗೆ ಕರಾರು ಪತ್ರವಾದರೂ ಇದೆ. ಹುಡುಗ ಅಂಗನವಾಡಿಗೆ ಹೋಗುತ್ತಾನೆ, ಅಕ್ಕ ನಾಲ್ಕು ಮನೆ ಕೆಲಸ ಹಿಡಿದಿದ್ದಾರೆ. ಹುಡುಗಿ ತನ್ನ ಎಲ್ಲ ಪುಸ್ತಕದ ಮೇಲೆ ಮನೆ ನಂಬರ್, ಗಲ್ಲಿ, ಪಿನ್‌ಕೋಡ್ ಸಮೇತ ಬರೆದುಕೊಂಡಿದ್ದಾಳೆ. ಶಾಲೆಯ ರಿಜಿಸ್ಟರಿನಲ್ಲೂ ವಿಳಾಸ ಬದಲಾಯಿಸಿ ಎಂದು ಟೀಚರ್ ಹತ್ತಿರ ತಾನೇ ಹೋಗಿ ಹೇಳಿದಳಂತೆ.

ಸ್ನೇಹಿತರೇ, ಆ ನೋಟ್‌ಬುಕ್ ಈಗ ನಮ್ಮ ಎನ್‌ಎಸ್‌ಎಸ್ ಕೋಣೆಯ ಕಪಾಟಿನಲ್ಲಿದೆ. ಮಾರ್ಚ್‌ನಲ್ಲಿ ನಾವು ಪರೀಕ್ಷೆ ಬರೆದು ಹೊರಡುತ್ತೇವೆ. ಪ್ರಥಮ ಪಿಯುಸಿಯವರು ಯಾರಾದರೂ ಅದನ್ನು ಮುಂದುವರಿಸಬೇಕು. ಫೋನ್ ನಂಬರ್ ಬದಲಾಗುತ್ತದೆ, ಅಧಿಕಾರಿಗಳು ವರ್ಗವಾಗುತ್ತಾರೆ, ಸಮಯ ಬದಲಾಗುತ್ತದೆ. ಮೂರು ತಿಂಗಳಿಗೊಮ್ಮೆ ಹೋಗಿ ಕೇಳಿ ತಿದ್ದದಿದ್ದರೆ ಅದು ಹಳೆಯ ಕ್ಯಾಲೆಂಡರ್ ಹಾಗೆ ಆಗುತ್ತದೆ. ಕುಟುಂಬಗಳು ಒಟ್ಟಿಗೆ ಇರಬಹುದಾದ ಆಶ್ರಯ ಕೇಂದ್ರ ನಮ್ಮೂರಿಗೂ ಬೇಕು ಎಂದು ನಾವು ಪಾಲಿಕೆಗೆ ಒಂದು ಮನವಿ ಕೊಟ್ಟಿದ್ದೇವೆ. ಸ್ವೀಕೃತಿಯ ಮುದ್ರೆ ಇರುವ ಪ್ರತಿ ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಅಂಟಿಸಿದೆ. ಉತ್ತರ ಬಂದಿಲ್ಲ, ಮತ್ತೆ ಹೋಗಿ ಕೇಳಬೇಕು.

ಅವರು ಹೋದ ಮೇಲೆ ನಮ್ಮ ಕಟ್ಟೆ ಒಂಬತ್ತು ದಿನ ಖಾಲಿ ಇತ್ತು. ಹತ್ತನೆಯ ದಿನ ಬೆಳಿಗ್ಗೆ ಹೋದಾಗ ಒಬ್ಬ ಅಜ್ಜ ಮಲಗಿದ್ದರು. ಒಬ್ಬರೇ. ಎದ್ದ ಮೇಲೆ ಚಹಾ ಕೊಟ್ಟು, ಊರು, ಮಕ್ಕಳು, ಕಾಗದ ಎಲ್ಲ ವಿಚಾರಿಸಿದೆ. ಗಂಡಸರ ಆಶ್ರಯ ಕೇಂದ್ರ ಅವರಿಗೆ ಸರಿಹೋಗಬಹುದು ಅನ್ನಿಸಿತು.

ಈ ಸಲ ಮೊದಲು ಫೋನ್ ಮಾಡಿದೆ.